ಚೀಟಿಯ ಹಿಂಬದಿ

ಹುಬ್ಬಳ್ಳಿಯ ನಮ್ಮ ಹೈಸ್ಕೂಲಿನಲ್ಲಿ ಕುಳ್ಳ ಹುಡುಗರು ಸೈನ್ಸ್ ಕಲಿಯುತ್ತಿದ್ದರು, ಉದ್ದನೆಯವರು ಜಮಾಖರ್ಚು ಕಲಿಯುತ್ತಿದ್ದರು. ನಗಬೇಡಿ, ಇದು ಸುಳ್ಳಲ್ಲ. ಐದನೇ ಇಂಗ್ಲಿಷಿಗೆ, ಅಂದರೆ ಈಗಿನ ಒಂಬತ್ತನೆಯ ತರಗತಿಗೆ, ಬಂದ ಪ್ರತಿ ವಿದ್ಯಾರ್ಥಿಯೂ ಮ್ಯಾಟ್ರಿಕ್ಕಿನವರೆಗೆ ಮೂರು ವರ್ಷ ಓದಬೇಕಾದ ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕೆಂದು ನಿಯಮವಿತ್ತು. ಆರಿಸುವ ಕೆಲಸವನ್ನು ಹೆಡ್‌ಮಾಸ್ತರರು ಐದು ನಿಮಿಷದಲ್ಲಿ ಮುಗಿಸುತ್ತಿದ್ದರು. ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರ ಕ್ಲಾಸಿಗೆ ಬಂದು ಬೆತ್ತದ ತುದಿಯಿಂದ ತೋರಿಸಿ, "ಮುಂದಿನ ಬೆಂಚು ಸೈನ್ಸ್, ನಡುವಿನವು ಚಿತ್ರಕಲಾ, ಹಿಂದಿನವು ಜಮಾಖರ್ಚು" ಎಂದು ಹೇಳಿ ಹೋಗುತ್ತಿದ್ದರು. ಎತ್ತರದ ಹುಡುಗರನ್ನು ಹಿಂದೆ ಕೂರಿಸುವುದು ರೂಢಿ. ಹೀಗಾಗಿ ಹುಡುಗನ ಭವಿಷ್ಯ ಅವನ ಎತ್ತರದ ಮೇಲೆ ನಿಂತಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು ಇದು. ಆ ವರ್ಷ ನಾನು ಐದನೇ ಇಂಗ್ಲಿಷಿನ ಕ್ಲಾಸ್ ಮಾಸ್ತರ. ಭೂಗೋಳ ಕಲಿಸುತ್ತಿದ್ದೆ, ಬಾಯಿ ಜೋರು, ಸಿಟ್ಟು ಮೂಗಿನ ಮೇಲೆ. ಬೆಂಚಿನ ಪದ್ಧತಿ ಕಂಡರೆ ನನಗೆ ಮೈ ಉರಿಯುತ್ತಿತ್ತು. ಹೆಡ್‌ಮಾಸ್ತರರ ಕೋಣೆಗೆ ಹೋಗಿ, ಈ ಸಲ ನಾನೇ ಪ್ರತಿಯೊಬ್ಬರ ಒಲವು ತಿಳಿದುಕೊಂಡು ವಿಷಯ ಬರೆಯುತ್ತೇನೆ ಎಂದೆ. ಅವರು ಮುಖ ನೋಡಿ ನಕ್ಕರು.

"ನಿಮ್ಮ ಉತ್ಸಾಹ ಭಾಳ ಛಲೋ ಅದ. ಮಾಡ್ರಿ. ಆದ್ರ ಮುಂದಿನ ಸೋಮವಾರ ಮಧ್ಯಾಹ್ನ ರಜಿಸ್ಟರ್ ಧಾರವಾಡಕ್ಕ, ಇನ್ಸ್‌ಪೆಕ್ಟರ ಕಚೇರಿಗೆ ಹೋಗಬೇಕು. ಒಮ್ಮೆ ಹೋತು ಅಂದ್ರ ಮ್ಯಾಟ್ರಿಕ್ ತನಕಾ ಒಂದು ಅಕ್ಷರ ಬದಲಾಗಂಗಿಲ್ಲ. ಆಮ್ಯಾಲೆ ನನ್ನ ಮುಂದ ಬಂದು ಅಳಬ್ಯಾಡ್ರಿ."

ನಾನು ಚೀಟಿ ತಯಾರಿಸಿದೆ. ಕಾರ್ಬನ್ ಹಾಳೆ ಇಟ್ಟು, ಬೆರಳ ತುದಿ ನೀಲಿಯಾಗುವ ತನಕ ಬರೆದೆ. ಮುಂಬದಿಯಲ್ಲಿ ಪಾಲಕರಿಗೆ ಪ್ರಶ್ನೆ: ನಿಮ್ಮ ಮಗನಿಗೆ ಯಾವ ಐಚ್ಛಿಕ ವಿಷಯ ಕೊಡಿಸಬೇಕೆಂದಿದ್ದೀರಿ? ಕೆಳಗೆ ಸಹಿಗೆ ಜಾಗ. ಹಿಂಬದಿಯಲ್ಲಿ ವಿದ್ಯಾರ್ಥಿಗೆ ಪ್ರಶ್ನೆ: ನೀನು ಮುಂದೆ ಏನಾಗಬೇಕೆಂದಿದ್ದೀ? ಹುಡುಗರನ್ನೂ ಕೇಳಬೇಕೆಂಬ ವಿಚಾರ ನನ್ನದೇ. ಅದಕ್ಕಾಗಿ ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡಿದ್ದೆ.

ಸೋಮವಾರ ಮೂವತ್ತೆಂಟು ಹುಡುಗರಿಗೆ ಚೀಟಿ ಹಂಚಿದೆ. ಬುಧವಾರ ವಾಪಸು ಬಂದವು. ಮೊದಲನೆಯ ಚೀಟಿಯಲ್ಲಿ ಮೋಡಿ ಲಿಪಿಯಂತೆ ಗೀಚಿದ ಅಕ್ಷರದಲ್ಲಿ "ತಾವು ಹೇಳಿದಂತೆ" ಎಂದಿತ್ತು. ಎರಡನೆಯದರಲ್ಲಿ "ಗುರುಗಳ ಮರ್ಜಿ". ಮೂರನೆಯದರಲ್ಲಿ ಮತ್ತೆ "ತಾವು ಹೇಳಿದಂತೆ". ಮೂವತ್ತೊಂದು ಮಂದಿ ಪಾಲಕರು ಹೀಗೆಯೇ ಬರೆದಿದ್ದರು. ಮಾಸ್ತರನಿಗೆ ತಿರುಗಿ ಉತ್ತರ ಕೊಟ್ಟರೆ ಮರ್ಯಾದೆಗೇಡು ಎಂದು ಅವರ ಎಣಿಕೆ. ಹಿಂಬದಿಯಂತೂ ಬಹಳಷ್ಟು ಚೀಟಿಗಳಲ್ಲಿ ಬೋಳಾಗಿತ್ತು. ಬರೆದವರಲ್ಲಿ ಹೆಚ್ಚಿನವರು ಪಕ್ಕದವನನ್ನು ನೋಡಿ, ತಾಲೂಕಿನ ದೊಡ್ಡ ಅಧಿಕಾರಿಯಾದ "ಮಾಮಲೇದಾರ" ಎಂದು ಬರೆದಿದ್ದರು. ಒಂದೇ ಬೆಂಚಿನಲ್ಲಿ ಐವರು ಮಾಮಲೇದಾರರು ಕೂತಿದ್ದರು. ನಾನು ಚೀಟಿಗಳನ್ನು ಮೇಜಿನ ಮೇಲೆ ಒಗೆದು, ಇದು ಉತ್ತರವಲ್ಲ, ಉತ್ತರ ತಪ್ಪಿಸಿಕೊಳ್ಳುವ ಉಪಾಯ ಎಂದು ಕ್ಲಾಸಿನ ಮುಂದೆಯೇ ಕೂಗಾಡಿದೆ.

ಸೈಕಲ್ ಹತ್ತಿ ಮನೆ ಮನೆ ತಿರುಗಿದೆ. ಒಬ್ಬ ಹುಡುಗನ ತಂದೆ ಗಡಿಯಾರ ರಿಪೇರಿ ಮಾಡುವ ಸಾಹೇಬರು. ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆಯೇ ಮಾತಾಡಿದರು.

"ಮಾಸ್ತರ ಸಾಬ್, ನಾ ಗಡಿಯಾರ ಬಿಚ್ಚೂವಾಗ ನೀವು ಬಂದು, ಈ ಸ್ಕ್ರೂ ಮೊದಲ ತಗೀ ಅಂತ ಹೇಳ್ತೀರೇನು? ಇಲ್ಲ. ಮತ್ತ ನಿಮ್ಮ ಕೆಲಸದಾಗ ನಾ ಯಾಕ ಬಾಯಿ ಹಾಕ್ಲಿ? ನೀವು ಹೇಳಿದಂಗ."

"ಅದಿರ್ಲಿ ಸಾಹೇಬರ. ನಿಮ್ಮ ಮಗ ಮನ್ಯಾಗ ಸುಮ್ನ ಕೂತಾಗ ಏನು ಮಾಡ್ತಾನ?"

ಅವರು ಮಸೂರ ತೆಗೆದು ಯೋಚಿಸಿದರು. "ಸುಮ್ನ ಎಲ್ಲಿ ಕೂಡ್ತಾನ್ರಿ? ಗೋಡಿ ತುಂಬ ಇದ್ದಲಿಯಿಂದ ಗಡಿಯಾರದ ಗಾಲಿ ಬರದಾನ. ಹಲ್ಲು ಎಣಿಸಿ ಬರೀತಾನ, ಒಂದೂ ತಪ್ಪಂಗಿಲ್ಲ. ಅವರವ್ವ ದಿನಾ ಬೈತಾಳ."

ನನಗೆ ದಾರಿ ಸಿಕ್ಕಿತು. ಏನಾಗಬೇಕು ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ಸುಮ್ಮನೆ ಕೂತಾಗ ಏನು ಮಾಡುತ್ತಾನೆ ಎಂದು ಕೇಳಿದರೆ ಎಲ್ಲರೂ ಹೇಳುತ್ತಾರೆ. ಆ ಒಂದು ಪ್ರಶ್ನೆ ಹಿಡಿದು ಬುಧವಾರ ಸಂಜೆ, ಗುರುವಾರ ಬೆಳಿಗ್ಗೆ ಸಾಧ್ಯವಾದಷ್ಟು ಮನೆ ಮುಗಿಸಿದೆ. ಉಳಿದ ಹುಡುಗರನ್ನು ಒಬ್ಬೊಬ್ಬರನ್ನೇ ಶಾಲೆಯ ಕಟ್ಟೆಗೆ ಕರೆದು ಕೇಳಿದೆ. ಗಡಿಯಾರದವರ ಮಗನಿಗೆ ಚಿತ್ರಕಲೆ. ಬೆಂಕಿಪೆಟ್ಟಿಗೆಯೊಳಗೆ ಹುಳ ಸಾಕುವವನಿಗೆ ಸೈನ್ಸ್. ಸಂತೆಯ ಚೀಲ ಹೊತ್ತು ಬರುವಾಗಲೇ ಬಾಯಿಲೆಕ್ಕ ಮುಗಿಸುವವನಿಗೆ ಜಮಾಖರ್ಚು. ಗುರುವಾರ ಮಧ್ಯಾಹ್ನ ಮೂವತ್ತೆಂಟು ಹೆಸರುಗಳ ಮುಂದೆ ವಿಷಯ ಬರೆದು ಮುಗಿಸಿದಾಗ, ಈ ಊರಿನಲ್ಲಿ ನನ್ನಂಥ ಮಾಸ್ತರ ಇನ್ನೊಬ್ಬನಿಲ್ಲ ಎಂದು ಅನಿಸಿದ್ದು ಸುಳ್ಳಲ್ಲ.

ಆಗ ಕಿಟಕಿಯ ಪಕ್ಕದಿಂದ ಒಂದು ದನಿ ಬಂತು. "ಸರ್, ನಮಗ ಚೀಟಿ ಕೊಡಲಿಲ್ಲರಿ."

ಕ್ಲಾಸಿನಲ್ಲಿ ಆರು ಹುಡುಗಿಯರಿದ್ದರು. ಕಿಟಕಿಯ ಹತ್ತಿರ ಅಡ್ಡಡ್ಡ ಹಾಕಿದ ಎರಡು ಬೆಂಚಿನ ಮೇಲೆ ಕೂಡುತ್ತಿದ್ದರು. ಹುಡುಗಿಯರಿಗೆ ಹೊಲಿಗೆ ಎಂದು ಮೊದಲಿನಿಂದ ನಡೆದು ಬಂದಿತ್ತು. ಹುಡುಗರು ಸೈನ್ಸ್ ಕೋಣೆಗೆ ಹೋಗುವ ಹೊತ್ತಿಗೇ ಹೊಲಿಗೆಯ ಬಾಯಿ, ಅಂದರೆ ಹೊಲಿಗೆ ಕಲಿಸುವ ಶಿಕ್ಷಕಿ, ಬರುತ್ತಿದ್ದರು. ರಜಿಸ್ಟರಿನಲ್ಲಿ ನಾನೇ ಆರೂ ಹೆಸರುಗಳ ಮುಂದೆ "ಹೊಲಿಗೆ" ಎಂದು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೆ. ಯಾವಾಗ ಬರೆದೆನೆಂದು ನೆನಪೂ ಇರಲಿಲ್ಲ. ಹೆಡ್‌ಮಾಸ್ತರರ ಬೆತ್ತ ಆ ಎರಡು ಬೆಂಚುಗಳ ಕಡೆಗೆ ಎಂದೂ ತಿರುಗಿರಲಿಲ್ಲ. ನನ್ನ ಚೀಟಿಯೂ ತಿರುಗಿರಲಿಲ್ಲ.

ಎದ್ದು ನಿಂತವಳು ಕೇಶ್ವಾಪುರದ ಒಂದು ದವಾಖಾನೆಯ ಕಂಪೌಂಡರನ ಮಗಳು. ಸಣ್ಣ ಹುಡುಗಿ, ಗಟ್ಟಿ ದನಿ.

"ನಿನಗ ಯಾವ ವಿಷಯ ಬೇಕವಾ?" ಎಂದೆ.

"ಸೈನ್ಸ್ ರೀ. ನಾ ಡಾಕ್ಟರ್ ಆಗಬೇಕರಿ."

ಹುಡುಗರು ನಕ್ಕರು. ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಮ್ಯಾಟ್ರಿಕ್ಕಿನಲ್ಲಿ ಸೈನ್ಸ್ ಇಲ್ಲದವರಿಗೆ ಮುಂದೆ ಡಾಕ್ಟರಿಕೆಯ ಬಾಗಿಲು ಮುಚ್ಚಿದಂತೆಯೇ. ನನ್ನ ಪೆನ್ಸಿಲ್ಲು ಆ ಬಾಗಿಲಿಗೆ ಆಗಲೇ ಅಗುಳಿ ಹಾಕಿಬಿಟ್ಟಿತ್ತು.

ಹೆಡ್‌ಮಾಸ್ತರರು ಬಯ್ಯಲಿಲ್ಲ, ಒಪ್ಪಲೂ ಇಲ್ಲ. "ತಂದಿ ಸಹಿ ತರ್ರಿ. ಸಹಿ ಇದ್ರ ನನ್ನ ತಕರಾರಿಲ್ಲ. ಇಲ್ಲಂದ್ರ ಹೊಲಿಗಿ" ಎಂದರು.

ಸಂಜೆ ಕೇಶ್ವಾಪುರಕ್ಕೆ ಹೋದೆ. ದವಾಖಾನೆಯ ಒಳಗಿನ ಕಿಂಡಿಯ ಹಿಂದೆ ಕಂಪೌಂಡರ ನಿಂತಿದ್ದ. ಡಾಕ್ಟರರು ಬರೆದ ಚೀಟಿ ಓದಿ, ದೊಡ್ಡ ಬಾಟಲಿಯಿಂದ ಮಿಕ್ಸ್‌ಚರ್ ಅಳೆದು, ಸಣ್ಣ ಬಾಟಲಿಗೆ ತುಂಬಿ ಕೊಡುತ್ತಿದ್ದ. ಅವನ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಮಗಳು ಕಾಗದದ ಪಟ್ಟಿ ಕತ್ತರಿಸುತ್ತಿದ್ದಳು. ಬಾಟಲಿಗೆ ಅಂಟಿಸುವ ಪಟ್ಟಿ ಅದು. ಎಷ್ಟು ಸಲ ಕುಡಿಯಬೇಕೋ ಅಷ್ಟು ಹಲ್ಲು ಅದರಲ್ಲಿ. ಅಳತೆಕೋಲಿಲ್ಲ, ಏನಿಲ್ಲ, ಕಾಗದ ಮಡಚಿ ಮಡಚಿ ಕತ್ತರಿ ಹಾಕುತ್ತಿದ್ದಳು. ಹಲ್ಲುಗಳೆಲ್ಲ ಒಂದೇ ಅಳತೆ. ಸುಮ್ಮನೆ ಕೂತಾಗ ಈ ಹುಡುಗಿ ಏನು ಮಾಡುತ್ತಾಳೆ ಎಂದು ಕೇಳುವ ಅಗತ್ಯ ಬೀಳಲಿಲ್ಲ.

ವಿಷಯ ಹೇಳಿದೆ. "ತಾವು ಹೇಳಿದಂಗ" ಎಂಬ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಎರಡು ದಿನ ಆ ಮಾತಿಗೆ ಹಲ್ಲು ಕಡಿದವನು ಆ ಸಂಜೆ ಅದೇ ಮಾತಿಗಾಗಿ ಬಾಯಿ ತೆರೆದು ನಿಂತಿದ್ದೆ.

ಕಂಪೌಂಡರ ಬಾಟಲಿಗೆ ಬಿರಡೆ ಒತ್ತಿ ಹೇಳಿದ: "ಗಂಡ ಹುಡುಗನ ಮಾತಾಗಿದ್ರ ತಾವು ಹೇಳಿದಂಗ ಅಂತಿದ್ನಿರಿ. ಹೆಣ್ಣ ಹುಡುಗಿ ಮಾತು. ಹಂಗ ಅನ್ನಾಕ ಬರಂಗಿಲ್ಲ."

"ಯಾಕ ಬರಂಗಿಲ್ಲ? ಅಕಿ ಶಾಣ್ಯಾ ಹುಡುಗಿ ಇದ್ದಾಳ."

"ಶಾಣ್ಯಾ ಅದಾಳ, ನನಗ ಗೊತ್ತೈತ್ರಿ. ಆ ಸೈನ್ಸ್ ಖೋಲಿ ನಾ ನೋಡೇನಿ. ಬೆಳಕಿನ ಪಾಠಕ್ಕ ಕಿಟಕಿ ಎಲ್ಲಾ ಮುಚ್ತಾರ. ಕತ್ತಲ ಖೋಲ್ಯಾಗ ಹತ್ತಿಪ್ಪತ್ತು ಹುಡುಗರು, ನಡುವ ಇಕಿ ಒಬ್ಬಾಕಿ. ಒಂದು ಮಾತು ಎದ್ದರ ಅಕಿ ಸಾಲಿನೂ ಮುಗೀತು, ಮದುವಿನೂ ಮುಗೀತು. ಆವಾಗ ನೀವು ಬರ್ತೀರೇನ್ರಿ ಮಾಸ್ತರ?"

ಮಗಳು ಕತ್ತರಿ ಕೆಳಗಿಟ್ಟಳು.

"ಅಪ್ಪಾ, ಡಾಕ್ಟರು ಚೀಟಿ ಬರೀತಾರ, ನೀ ಅದನ್ನ ನೋಡಿ ತುಂಬತಿ. ತುಂಬೂದು ನನಗ ಈಗ ಬರತೈತಿ. ಬರಿಯೂದು ಕಲೀಬೇಕು ನಾ."

ಅವನು ಮಗಳ ಮುಖ ನೋಡಿದ. ಕಿಂಡಿಯಾಚೆ ಮುದುಕಿಯೊಬ್ಬಳು ಔಷಧಕ್ಕೆ ಕೈ ಚಾಚಿ ನಿಂತಿದ್ದಳು, ಅವಳ ಕಡೆಗೂ ಲಕ್ಷ್ಯವಿಲ್ಲ. ಕೊನೆಗೆ, "ಇನ್ನೊಂದು ಹುಡುಗಿ ಬಾಜೂಕ ಕೂಡಬೇಕರಿ. ಒಂದರ ಹುಡುಗಿ. ಹಂಗಾದ್ರ ಸಹಿ ಹಾಕ್ತೇನಿ. ಇಲ್ಲಂದ್ರ ಬ್ಯಾಡ್ರಿ, ನನ್ನ ಕಾಡಬ್ಯಾಡ್ರಿ" ಎಂದ.

ನನಗೆ ಒಬ್ಬ ಹುಡುಗಿ ಬೇಕಾಗಿತ್ತು, ಮೂರು ದಿನದಲ್ಲಿ.

ಶುಕ್ರವಾರ ಬೆಳಿಗ್ಗೆ ಆರೂ ಹುಡುಗಿಯರಿಗೆ ಚೀಟಿ ಕೊಟ್ಟೆ. ಅವರೆಲ್ಲ ಬರೆದು ತರಲೆಂದು ಕಾಯುವಷ್ಟು ಪುರುಸೊತ್ತಿರಲಿಲ್ಲ. ಸಂಜೆ ನಾನೇ ಹೊರಟೆ. ಒಬ್ಬಳದು ದೀಪಾವಳಿಯ ಮುಂದೆ ಮದುವೆ, ಶಾಲೆಯನ್ನೇ ಬಿಡಿಸುವವರಿದ್ದರು. ಇಬ್ಬರು ಅಕ್ಕತಂಗಿಯರು, ಅವರ ಅಜ್ಜ ನನ್ನ ಮಾತು ಪೂರ್ತಿ ಕೇಳಿ, ನೀರು ಕೊಡಿಸಿ, ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ನಾಲ್ಕನೆಯವಳ ಮನೆ ಗಬ್ಬೂರಿನಲ್ಲಿ. ಅಲ್ಲಿಯವರೆಗೆ ಸೈಕಲ್ ತುಳಿದದ್ದಕ್ಕೆ ಅವಳ ತಾಯಿ ಕದದ ಸಂದಿಯಿಂದಲೇ, "ಹುಡುಗರ ಜೋಡಿ ಕೂತು ಆಸಿಡ್ ಕಾಸೂದು ಕಲಿಯಾಕ ನಾವು ಸಾಲಿಗೆ ಹಾಕಿಲ್ಲರಿ" ಎಂದು ಹೇಳಿ ಕದ ಹಾಕಿಕೊಂಡಳು. ವಾಪಸು ಬರುವಾಗ ನಡುದಾರಿಯಲ್ಲಿ ಸೈಕಲ್ ನಿಲ್ಲಿಸಿ, ಕಲ್ಲಿನ ಮೇಲೆ ಕೂತೆ. ನಾನು ಕಂಪೌಂಡರನ ಮಗಳನ್ನು ಕೇಳದೆ ಇದ್ದಿದ್ದರೆ ಅವಳು ಹೊಲಿಗೆ ಕಲಿತುಕೊಂಡು ಸುಮ್ಮನೆ ಇರುತ್ತಿದ್ದಳು. ಕೇಳಿ, ಆಸೆ ಹಚ್ಚಿ, ಈಗ ನಡುನೀರಿನಲ್ಲಿ ಬಿಡುತ್ತಿದ್ದೇನೆ ಎಂದು ಸಂಕಟವಾಯಿತು.

ಉಳಿದವಳು ಒಬ್ಬಳೇ. ಹೆಬ್ಬಳ್ಳಿಯ ರೈತನ ಮಗಳು, ಹುಬ್ಬಳ್ಳಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಎಷ್ಟು ಮೌನದ ಹುಡುಗಿಯೆಂದರೆ ಹಾಜರಿ ಕರೆದಾಗಲೂ ಅವಳ ದನಿ ಪಕ್ಕದವಳಿಗೇ ಕೇಳುತ್ತಿರಲಿಲ್ಲ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮೇಜಿನ ಹತ್ತಿರ ಬಂದು, ನಾಲ್ಕು ಮಡಿಕೆ ಮಡಚಿದ ಚೀಟಿಯನ್ನು ನನ್ನ ಮುಂದಿಟ್ಟಳು.

"ಅಪ್ಪನ ಸಹಿ ಇಲ್ಲರಿ ಸರ್. ಅಪ್ಪ ಊರಾಗ ಇರ್ತಾನ್ರಿ."

"ನಾನ ಹೋಗಿ ಹಾಕಿಸಿಕೊಂಡು ಬರ್ತೇನಿ ತಗೋ" ಎಂದು ಚೀಟಿಯನ್ನು ಅಂಗಿಯ ಕಿಸೆಗೆ ತುರುಕಿ ರೈಲು ಹಿಡಿಯಲು ಓಡಿದೆ. ಅವಳು ಇನ್ನೂ ಏನೋ ಹೇಳಲು ನಿಂತಿದ್ದಳು ಎಂದು ಈಗ ಅನಿಸುತ್ತದೆ. ಆಗ ನನಗೆ ರೈಲು ಮಾತ್ರ ಕಂಡಿತ್ತು.

ಧಾರವಾಡದಲ್ಲಿ ಇಳಿದು ಗೆಳೆಯನೊಬ್ಬನ ಸೈಕಲ್ ಇಸಿದುಕೊಂಡು ಹೆಬ್ಬಳ್ಳಿಯ ದಾರಿ ಹಿಡಿದೆ. ಹಿಂದಿನ ದಿನ ಒಳ್ಳೆಯ ಮಳೆಯಾಗಿತ್ತು. ಎರೆಮಣ್ಣಿನ ದಾರಿಯಲ್ಲಿ ಅರ್ಧ ಮೈಲು ಹೋಗುವುದರಲ್ಲಿ ಮಣ್ಣು ಮಡ್‌ಗಾರ್ಡಿನೊಳಗೆ ಹೊಕ್ಕು ಗಾಲಿ ತಿರುಗುವುದನ್ನೇ ಬಿಟ್ಟಿತು. ಕಡ್ಡಿ ತೆಗೆದುಕೊಂಡು ಕೆದರಿದೆ, ನಾಲ್ಕು ಮಾರು ಹೋಗುವುದರಲ್ಲಿ ಮತ್ತೆ ಕಚ್ಚಿತು. ಕೊನೆಗೆ ಸೈಕಲ್ಲನ್ನೇ ಹೆಗಲಿಗೆ ಏರಿಸಿದೆ. ಚಪ್ಪಲಿಗೆ ಹತ್ತಿದ ಮಣ್ಣು ಒಂದೊಂದು ಸೇರು ತೂಗುತ್ತಿತ್ತು. ಎದುರಿಗೆ ಬಂದ ಗಾಡಿಯವನು, "ಏನ್ರಿ ಸಾಹೇಬ್ರ, ಸೈಕಲ್ ನಿಮ್ಮನ್ನ ಹೊರಬೇಕೊ, ನೀವು ಸೈಕಲ್ ಹೊರಬೇಕೊ?" ಎಂದು ಕೇಳಿ ನಗುತ್ತ ಹೋದ.

ಊರು ಮುಟ್ಟಿದಾಗ ಆ ರೈತ ಹೊಲದಲ್ಲಿದ್ದ. ಮಳೆಯಾಗಿ ನೆಲ ಹದಕ್ಕೆ ಬಂದಿತ್ತು, ಎಲ್ಲರೂ ಬಿತ್ತಲು ಬಿದ್ದಿದ್ದರು. ಅವನು ಎತ್ತಿನ ಹಿಂದೆ ಕೂರಿಗೆ ಹಿಡಿದು ನಡೆಯುತ್ತಿದ್ದ. ಅವನ ಹೆಂಡತಿ ಪಕ್ಕದಲ್ಲಿ ನಡೆಯುತ್ತ ಉಡಿಯಿಂದ ಕಾಳು ತೆಗೆದು ಕೂರಿಗೆಯ ಬಟ್ಟಲಿಗೆ ಬಿಡುತ್ತಿದ್ದಳು. ನನ್ನನ್ನು ಕಂಡು ಅವನು ತಲೆಬಾಗಿಸಿದ, ಆದರೆ ನಿಲ್ಲಲಿಲ್ಲ.

"ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ. ಕೂರಗಿ ನಡುವ ನಿಂದರಸಾಕ ಬರಂಗಿಲ್ಲ. ನೀವ ಹಿಂಗ ಜೋಡೀಲೆ ಬರ್ರಿ."

ನಾನು ಉಬ್ಬು ತಗ್ಗು ಎಡವುತ್ತ ಅವನ ಜೋಡಿ ನಡೆದೆ. ನಡೆಯುತ್ತಲೇ ಹೇಳಿದೆ: ಮಗಳಿಗೆ ಹೊಲಿಗೆಯ ಬದಲು ಸೈನ್ಸ್ ಕೊಡಿಸಬೇಕು, ಇನ್ನೊಬ್ಬ ಹುಡುಗಿ ಜೊತೆಗಿರುತ್ತಾಳೆ, ಇಬ್ಬರೂ ಒಂದೇ ಬೆಂಚು, ಹೆದರುವ ಕಾರಣವಿಲ್ಲ. ಸೈನ್ಸ್ ಓದಿದರೆ ಮುಂದೆ ದಾರಿ ಬಹಳ ಎಂದೂ ಹೇಳಿದೆ. ಅವನ ಕಣ್ಣು ನೆಲ ಸೀಳುವ ಕೂರಿಗೆಯ ತಾಳುಗಳ ಮೇಲೆಯೇ ಇತ್ತು. ಸಾಲು ಮುಗಿದು ಎತ್ತು ತಿರುಗಿಸುವಾಗ ಮಾತ್ರ ನಿಂತ.

"ಸೈನ್ಸ್ ಅಂದ್ರ ಏನೋ, ಹೊಲಿಗಿ ಅಂದ್ರ ಏನೋ, ನಮಗೇನು ತಿಳೀತೈತ್ರಿ? ಅಕಿನ್ನ ನಿಮ್ಮ ಉಡ್ಯಾಗ ಹಾಕೇವಿ. ತಾವು ಹೇಳಿದಂಗ."

ಗಡಿಯಾರದ ಸಾಹೇಬರ ಮನೆಯಲ್ಲಿ ಈ ಮಾತು ಕೇಳಿದಾಗ ನಾನು ಇನ್ನೊಂದು ಪ್ರಶ್ನೆ ಕೇಳಿದ್ದೆ. ಮಗಳು ಸುಮ್ಮನೆ ಕೂತಾಗ ಏನು ಮಾಡುತ್ತಾಳೆ ಎಂದು ಆ ಹೊಲದಲ್ಲಿ ಕೇಳಲಿಲ್ಲ. ಕಿಸೆಯಿಂದ ಚೀಟಿ ತೆಗೆದು, ಮಡಿಕೆ ಬಿಚ್ಚಿ, ಮುಂಬದಿ ಮೇಲಾಗಿ ಸೈಕಲ್ಲಿನ ಸೀಟಿನ ಮೇಲೆ ಇಟ್ಟೆ. ಅವನು ಮಣ್ಣಿನ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದ. ಹೆಂಡತಿ ಉಡಿ ಬಿಗಿಹಿಡಿದುಕೊಂಡು, ಸಹಿ ಮುಗಿಯುವ ತನಕ ಅವನ ಕೈಯನ್ನೇ ನೋಡುತ್ತಿದ್ದಳು. ವಾಪಸು ಬರುವಾಗ ಸೈಕಲ್ಲಿನ ಭಾರ ನನಗೆ ಗೊತ್ತೇ ಆಗಲಿಲ್ಲ.

ಭಾನುವಾರ ಕಂಪೌಂಡರನಿಗೆ ಆ ಸಹಿ ತೋರಿಸಿದೆ. ಅವನು ಚೀಟಿ ಹಿಡಿದು ಎರಡು ಸಲ ಓದಿ, "ಮಾತು ಮಾತೇರಿ" ಎಂದು ಮಗಳ ಚೀಟಿಯ ಮೇಲೆ ಸಹಿ ಹಾಕಿದ. ಮಗಳು ಬಾಗಿಲ ಹಿಂದಿನಿಂದ ನೋಡುತ್ತಿದ್ದಳು. ಸಹಿಯಾದದ್ದು ಕಂಡು ಒಳಗೆ ಓಡಿಹೋದಳು. ಒಳಗೆ ಅವಳು ಅತ್ತದ್ದು ನನಗೆ ಕೇಳಿಸಿತು.

ಸೋಮವಾರ ಬೆಳಿಗ್ಗೆ ರಜಿಸ್ಟರಿಗೆ ಶಾಯಿಯಲ್ಲಿ ಬರೆಯಲು ಕೂತೆ. ಕಂಪೌಂಡರನ ಮಗಳ ಹೆಸರಿನ ಮುಂದೆ ಪೆನ್ಸಿಲ್ಲಿನ ಅಕ್ಷರ ಅಳಿಸಿ "ಸೈನ್ಸ್" ಎಂದು ಬರೆದೆ. ಹೆಬ್ಬಳ್ಳಿಯ ಹುಡುಗಿಯ ಚೀಟಿಯನ್ನು ಪಕ್ಕದಲ್ಲಿ ಇಡಲು ಹೋದಾಗ ಗಾಳಿಗೆ ಅದು ಮಗುಚಿ ಬಿತ್ತು. ಹಿಂಬದಿಯಲ್ಲಿ ಬರಹವಿತ್ತು.

ದುಂಡಗಿನ ಸಣ್ಣ ಅಕ್ಷರ. "ನಾನು ಹೊಲಿಗೆಯ ಬಾಯಿ ಆಗಬೇಕು. ನನಗೆ ಕಸೂತಿ ಬರುತ್ತದೆ. ಗೋಪುರ, ಆನೆ, ತೇರು, ನವಿಲು ಎಲ್ಲ ಎಳೆ ಎಣಿಸಿ ಹಾಕುತ್ತೇನೆ. ದಯವಿಟ್ಟು ಹೊಲಿಗೆ ಕೊಡಬೇಕು."

ಕ್ಲಾಸಿನಲ್ಲಿ ಮಾಮಲೇದಾರ ಎಂದು ಬರೆಯದೆ, ತನ್ನ ಮನಸ್ಸಿನಲ್ಲಿದ್ದದ್ದನ್ನು ಬರೆದ ಚೀಟಿಗಳು ಬಹಳ ಕಡಿಮೆ. ಅವುಗಳಲ್ಲಿ ಎಲ್ಲಕ್ಕಿಂತ ಸ್ಪಷ್ಟವಾದದ್ದು ಇದು. ಈ ಚೀಟಿ ಎರಡು ದಿನ ನನ್ನ ಎದೆಯ ಕಿಸೆಯಲ್ಲಿತ್ತು. ರೈಲಿನಲ್ಲಿ ಓದಬಹುದಿತ್ತು, ಹೊಲದ ಬದುವಿನ ಮೇಲೆ ಓದಬಹುದಿತ್ತು. ಹಿಂಬದಿಯಲ್ಲಿ ಪ್ರಶ್ನೆ ಕೇಳುವ ವಿಚಾರ ನನ್ನದು, ಹಿಂಬದಿ ತಿರುಗಿಸಿ ನೋಡದವನೂ ನಾನೇ.

ಜವಾನ ಹನ್ನೆರಡರ ರೈಲಿಗೆ ರಜಿಸ್ಟರ್ ಒಯ್ಯುವವನಿದ್ದ. ಇನ್ನೂ ಒಂದು ತಾಸು ಇತ್ತು. ಇವಳಿಗೆ ಹೊಲಿಗೆ ಬರೆದರೆ, ಕಂಪೌಂಡರನಿಗೆ ಕೊಟ್ಟ ಮಾತು ತಪ್ಪುತ್ತದೆ. ಹೋಗಿ ಅವನಿಗೆ ಹೇಳಲೇಬೇಕು. ಅವನು ಸಹಿ ವಾಪಸು ಪಡೆಯುತ್ತಾನೆ. ಆ ಹುಡುಗಿಯ ಡಾಕ್ಟರಿಕೆ ಮುಗಿಯಿತು. ಇವಳಿಗೆ ಸೈನ್ಸ್ ಬರೆದರೆ, ಈ ನಾಲ್ಕು ಸಾಲು ಬರೆದ ಕೈಯನ್ನು ನಾನೇ ಕಟ್ಟಿದಂತೆ. ಮೇಜಿನ ಮುಂದೆ ಕೂತು ತಲೆ ಹಿಡಿದುಕೊಂಡೆ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ, ಬೆಂಚು ತೋರಿಸಿ ಹೋಗುತ್ತಿದ್ದ ಹೆಡ್‌ಮಾಸ್ತರರ ಮೇಲೂ ಮಾಡುವಂತಿರಲಿಲ್ಲ.

ಹೆಬ್ಬಳ್ಳಿಯ ಹುಡುಗಿಯನ್ನು ಕಟ್ಟೆಗೆ ಕರೆಸಿದೆ. ಹಾಗೆ ಕರೆಸಿದ್ದೇ ನಾನು ಮಾಡಿದ ದೊಡ್ಡ ಮೋಸ ಎಂದು ಈಗ ನನಗೆ ಗೊತ್ತಿದೆ.

"ನೋಡು ತಂಗೀ, ನೀನು ಸೈನ್ಸ್ ತಗೊಂಡ್ರ ಕಂಪೌಂಡರನ ಮಗಳಿಗೂ ಸೈನ್ಸ್ ಸಿಗತೈತಿ. ಇಲ್ಲಂದ್ರ ಇಲ್ಲ. ನಿಮ್ಮಪ್ಪ ನನ್ನ ಮಾತಿಗೆ ಬಿಟ್ಟಾನ. ನೀ ಏನಂತೀ?"

ಅವಳು ನೆಲ ನೋಡುತ್ತಿದ್ದಳು. ಸೆರಗಿನ ತುದಿಯ ದಾರವನ್ನು ಬೆರಳಿನಿಂದ ಎಣಿಸುತ್ತಿದ್ದಳು.

"ತಾವು ಹೇಳಿದಂಗ ರೀ ಸರ್."

ಇದು ಉತ್ತರವಲ್ಲ ಎಂದು ಐದು ದಿನದ ಹಿಂದೆ ಅದೇ ಕ್ಲಾಸಿನಲ್ಲಿ ನಾನು ಗಂಟಲು ಹರಿದುಕೊಂಡಿದ್ದೆ. ಹದಿನಾಲ್ಕು ವರ್ಷದ ಹುಡುಗಿ ಮಾಸ್ತರನ ಎದುರು ನಿಂತು ಇನ್ನೇನು ಹೇಳಲು ಸಾಧ್ಯ? ಎಲ್ಲ ಗೊತ್ತಿದ್ದೂ, ಆ ದಿನ ಅದನ್ನು ಉತ್ತರವೆಂದೇ ತೆಗೆದುಕೊಂಡೆ. ಒಳಗೆ ಹೋಗಿ ಅವಳ ಹೆಸರಿನ ಮುಂದೆ "ಸೈನ್ಸ್" ಎಂದು ಬರೆದು, ಶಾಯಿ ಒಣಗಲು ಊದಿದೆ. ಹನ್ನೆರಡರ ರೈಲಿಗೆ ರಜಿಸ್ಟರ್ ಹೋಯಿತು.

ಮುಂದಿನ ಮೂರು ವರ್ಷದ ಮಾತು ಬಹಳವಿಲ್ಲ. ಸೈನ್ಸ್ ಕೋಣೆಯಲ್ಲಿ ಇಬ್ಬರಿಗೂ ಮುಂದೆ ಒಂದು ಬೆಂಚು ಹಾಕಿಸಿದರು. ಒಬ್ಬಳು ಮಾಸ್ತರರಿಗಿಂತ ಮೊದಲು ಬಂದು ಗಾಜಿನ ನಳಿಗೆ ತೊಳೆದಿಡುತ್ತಿದ್ದಳು. ಇನ್ನೊಬ್ಬಳಿಗೆ ಕೊಳೆತ ತತ್ತಿಯ ವಾಸನೆಯ ಆ ಗ್ಯಾಸ್ ತಯಾರಿಸಿದ ದಿನ ವಾಂತಿಯಾಯಿತು, ಆಮೇಲೆ ಆ ಕೋಣೆಯ ಬಾಗಿಲಿಗೆ ಬಂದರೆ ಸಾಕು, ಮುಖ ಬಿಳಿಚಿಕೊಳ್ಳುತ್ತಿತ್ತು. ಕಂಪೌಂಡರನ ಮಗಳು ಅವಳಿಗೆ ಹೇಳಿಕೊಡುವುದರಲ್ಲಿ ಯಾವ ಕೊರತೆಯೂ ಮಾಡಲಿಲ್ಲ. ಮಧ್ಯಾಹ್ನದ ರೊಟ್ಟಿ ತಿನ್ನುವಾಗಲೂ ಸೂತ್ರ ಬಾಯಿಪಾಠ ಮಾಡಿಸುತ್ತಿದ್ದಳು. ಪರೀಕ್ಷೆಯಲ್ಲಿ ಮಾತ್ರ ಇವಳ ಅಂಕ ಏರಲಿಲ್ಲ. ಒಮ್ಮೆ ಸೈನ್ಸ್ ಮಾಸ್ತರರು ಹೆಬ್ಬಳ್ಳಿಯ ಹುಡುಗಿ ಕೂಡುವ ಬೆಂಚಿನ ಕೆಳಗಿಂದ ಒಂದು ಚೌಕ ಬಟ್ಟೆ ಹಿಡಿದು ತಂದು ನನ್ನ ಮೇಜಿನ ಮೇಲೆ ಒಗೆದರು. ಅರ್ಧ ಮುಗಿದ ಆನೆಯ ಅಂಬಾರಿ ಅದರ ಮೇಲಿತ್ತು. ಗಂಟಿಲ್ಲ, ಹಿಂದೆ ಮುಂದೆ ಒಂದೇ ರೀತಿ ಕಾಣುವ ಕೆಲಸ. ಅಲ್ಲೇ ಇದ್ದ ಹೊಲಿಗೆಯ ಬಾಯಿ ಅದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು, "ಇಂಥಾ ಕೈಯಿದ್ದಾಕೀ ನನ್ನ ಕಡೆ ಯಾಕ ಬರಲಿಲ್ಲರಿ?" ಎಂದು ಕೇಳಿದರು. ನಾನು ಹಾಜರಿ ಪುಸ್ತಕ ತೆರೆದು ಅದರಲ್ಲಿ ಮುಖ ಹುದುಗಿಸಿದೆ.

ವಿಷಯ ಬದಲಿಸಿಕೊಡಿ ಎಂದು ಹೆಡ್‌ಮಾಸ್ತರರ ಮುಂದೆ ಹೋದೆ. ಒಂದಲ್ಲ, ಮೂರು ಸಲ ಹೋದೆ, ಧಾರವಾಡದ ಕಚೇರಿಯ ಕಟ್ಟೆಯ ಮೇಲೂ ಒಂದು ದಿನ ಕೂತೆ. ಒಂದು ಅಕ್ಷರವೂ ಬದಲಾಗಲಿಲ್ಲ. ಅಳಬೇಡಿ ಎಂದು ಅವರು ಮೊದಲೇ ಹೇಳಿದ್ದರು.

ಮ್ಯಾಟ್ರಿಕ್ಕಿನ ಫಲಿತಾಂಶ ಬಂತು. ಕಂಪೌಂಡರನ ಮಗಳು ಒಳ್ಳೆಯ ಅಂಕ ಪಡೆದು ಪಾಸಾದಳು. ತಂದೆ ಮಗಳು ಇಬ್ಬರೂ ಪೇಢೆಯ ಪುಡಿಕೆ ಹಿಡಿದು ಮನೆಗೆ ಬಂದರು. ಕಾಲೇಜಿನ ಇಂಟರ್ ಸೈನ್ಸಿಗೆ ಅರ್ಜಿ ತುಂಬಿದ್ದಾಗಿದೆ ಎಂದರು. ಅವನು ಕೈಮುಗಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ಅದನ್ನು ಸುಳ್ಳೆನ್ನಲಾರೆ. ಹೆಬ್ಬಳ್ಳಿಯ ಹುಡುಗಿ ಎಲ್ಲ ವಿಷಯಗಳಲ್ಲಿ ಪಾಸಾಗಿ ಸೈನ್ಸ್ ಒಂದರಲ್ಲಿ ನಪಾಸಾಗಿದ್ದಳು. ಅಷ್ಟೇ ಸಾಕು, ಮ್ಯಾಟ್ರಿಕ್ ನಪಾಸು. ಹೊಲಿಗೆಯ ಬಾಯಿ ಆಗುವುದಕ್ಕೂ ಮ್ಯಾಟ್ರಿಕ್ ಪಾಸಾಗಬೇಕಿತ್ತು.

ಎರಡು ದಿನ ಬಿಟ್ಟು ಆ ರೈತ ಶಾಲೆಗೆ ಬಂದ. ಮಗಳು ಅವನ ಹಿಂದೆ ನಿಂತಿದ್ದಳು. ಬಯ್ಯಲು ಬಂದಿದ್ದಾನೆ ಎಂದುಕೊಂಡೆ. ಬೈದರೆ ಎಷ್ಟೋ ಹಗುರಾಗುತ್ತದೆ ಎಂದು ಆಸೆಯಿಂದ ಕಾದೆ. ಅವನು ಚಪ್ಪಲಿ ಹೊರಗೆ ಬಿಟ್ಟು ಬಂದು, ಕೈಮುಗಿದು, ಬೆಂಚಿನ ತುದಿಗೆ ಕೂತ.

"ತಾವು ಹೇಳಿದಂಗ ಮಾಡಿದ್ವಿರಿ. ಆತು, ದೈವದಾಗ ಇರಲಿಲ್ಲ. ಇನ್ನ ಮುಂದ ಏನು ಮಾಡೂದು, ಅದನ್ನೂ ತಾವ ಹೇಳಿಬಿಡ್ರಿ."

ಅವನ ಮುಖದಲ್ಲಿ ಒಂದಿಷ್ಟೂ ಕೊಂಕಿರಲಿಲ್ಲ. ಹೊಲದಲ್ಲಿ ಸಹಿ ಹಾಕಿದ ದಿನ ಎಷ್ಟು ನಂಬಿಕೆಯಿತ್ತೋ ಈಗಲೂ ಅಷ್ಟೇ ಇತ್ತು. ಮೂರು ವರ್ಷ ತಡವಾಗಿ, ಅವನನ್ನು ದಾಟಿ ಅವಳ ಕಡೆ ನೋಡಿದೆ.

"ನೀ ಹೇಳವ್ವಾ. ಈ ಸಲ ನೀನ ಹೇಳು. ನಿನಗೇನು ಬೇಕು?"

ಅವಳು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಹಾಜರಿ ಕರೆದಾಗ ಬರುತ್ತಿದ್ದ ಅದೇ ಸಣ್ಣ ದನಿ.

"ಆವಾಗ ಬರದು ಕೊಟ್ಟಿದ್ನೆಲ್ರಿ ಸರ್."